ಯಾರ ಅಂಜಿಕೆಗೆ ರಿವಾಲ್ವರು?

ರಾಮಗೊಂಡ ದೇಸಾಯರ ವಾಡೆಗೆ ವಿಲಾಯತಿಯ ಅಂಗಡಿಯಿಂದ ಒಂದು ರಿವಾಲ್ವರಿನ ಚಿತ್ರ ಬಂತು. ದಂತದ ಹಿಡಿ, ಬೆಳ್ಳಿಯ ಬಳ್ಳಿ ಕೆತ್ತಿದ ನಳಿಗೆ. ಅಂಥವು ಜಗತ್ತಿನಲ್ಲಿ ಹನ್ನೆರಡೇ ಇದ್ದವಂತೆ. ನೋಡಿದವರೆಲ್ಲ ಗುಡಿಯಲ್ಲಿ ನಿಂತ ಹಾಗೆ ಕೈ ಕಟ್ಟಿ ನಿಂತರು.

"ತರಿಸಬೇಕೋ, ಬ್ಯಾಡೋ?" ಎಂದು ದೇಸಾಯರು ವಾಡೆಯ ಕಾರಕೂನನನ್ನು ಕೇಳಿದರು.

ಕಾರಕೂನನಿಗೂ ಅದರಿಂದ ಕಣ್ಣು ಕೀಳಲಾಗಲಿಲ್ಲ. ಆದರೆ ದೇಸಾಯರು ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವವರು. ಮೊನ್ನೆ ತಂಬಿಗೆ ಬಡಿದು ಅಡುಗೆಯವನ ಹಣೆ ಒಡೆದಿತ್ತು. ನಾಳೆ ಆ ಕೈಗೆ ಇದು ಸಿಕ್ಕರೆ? ಬೇಡವೆಂದರೆ ಇವತ್ತೇ ತನ್ನ ಹಣೆ ಒಡೆಯುತ್ತದೆ.

"ತರಿಸೋಣ್ರಿ ಧಣ್ಯಾರ," ಎಂದವನೇ ಸರಕಾರದ ಪರವಾನಗಿ ಅರ್ಜಿ ಬಿಡಿಸಿ ಕೂತ. "ಯಾರ ಅಂಜಿಕಿಗೆ ಬೇಕು ಅಂತ ಕೇಳ್ಯಾರ್ರಿ. ಏನ್ ಬರೀಲಿ?"

"ನನಗ ಯಾರ ಅಂಜಿಕೀನೂ ಇಲ್ಲ."

"ಹಂಗ ಬರದ್ರ, ಮತ್ಯಾಕ ಬೇಕು ಅಂತಾರ್ರಿ."

"ಕಳ್ಳರಿಗೆ ಅಂತ ಬರಿ."

"ದೇಸಾಯರ ವಾಡೇಕ ನುಗ್ಗೂವಷ್ಟು ಧೈರ್ಯ ಕಳ್ಳರಿಗೆ ಬಂತು ಅಂತ ಸಾಹೇಬ್ರು ತಿಳಕೋತಾರ್ರಿ."

"ಹುಲಿಗೆ ಅಂತ ಬರಿ."

"ಹುಲಿಗೆ ಬಂದೂಕ ಐತಲ್ರಿ. ಬಂದೂಕಿನ ಗುರಿ ತಪ್ಪಿ, ಹುಲಿ ಎದಿ ಮ್ಯಾಲೆ ಬಂದಾಗ ಇದು ಬೇಕಾಗೂದು. ಧಣ್ಯಾರ ಗುರಿ ತಪ್ತೈತಿ ಅಂತ ಬರದ್ಬಿಡ್ಲೇನ್ರಿ?"

ದೇಸಾಯರ ಮೀಸೆ ಅದುರಿತು. ಕೈ ಹಿತ್ತಾಳೆಯ ಮಸಿಕುಡಿಕೆಯತ್ತ ಹೋಯಿತು. ಕಾರಕೂನ ಕಣ್ಣು ಮುಚ್ಚಿಕೊಂಡ. ಬಹಳ ಹೊತ್ತಾದರೂ ಏನೂ ಬಂದು ಬಡಿಯಲಿಲ್ಲ. ಕಣ್ಣು ಬಿಟ್ಟರೆ, ದೇಸಾಯರು ಬೆರಗಾಗಿ ಅವನನ್ನೇ ನೋಡುತ್ತಿದ್ದರು.

"ಅರ್ಜಿ ಹರಿದು ಹಾಕು," ಎಂದರು ಮೆಲ್ಲಗೆ. "ನಿನ್ನ ನಾಲಿಗಿ ಇರೂತನಕ ಈ ವಾಡೇಕ ಬ್ಯಾರೆ ಆಯುಧ ಬ್ಯಾಡ."