ಮಾತೆಯ ಹೂಕಿರೀಟ

ಪೂಜ್ಯ ಬೆನೆದಿಕ್ತಸ್ವಾಮಿಗಳು ಕಾವೇರಿ ತೀರದ ಒಂದು ಪುಟ್ಟ ಕ್ರೈಸ್ತ ಗ್ರಾಮಕ್ಕೆ ಆಗಷ್ಟೇ ಬಂದಿದ್ದರು. ಅಂದು ಬೂದಿ ಬುಧವಾರ. ದೇವಾಲಯದ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಹಿಂದಿನ ವರ್ಷದ ಗರಿಗಳ ಭಾನುವಾರದಿಂದ ಮನೆಮನೆಯಲ್ಲಿ ಉಳಿದಿದ್ದ ಒಣ ತೆಂಗಿನ ಗರಿಗಳನ್ನು ಸುಟ್ಟು, ಭಕ್ತರ ಹಣೆಗಿಡುವ ಬೂದಿಯನ್ನು ತಾವೇ ಜರಡಿ ಹಿಡಿಯುತ್ತಿದ್ದರು.

ಲೂರ್ದಮ್ಮ ಬಂದದ್ದು ಬೂದಿಗಲ್ಲ, ಜಗಳಕ್ಕೆ. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ದೇವಾಲಯದ ಪೀಠದ ಮೇಲಿನ ದೇವಮಾತೆಯ ಸ್ವರೂಪಕ್ಕೆ ಹಬ್ಬದ ಹೂಕಿರೀಟ ಕಟ್ಟುತ್ತಿದ್ದವಳು ಅವಳೇ. ಗಂಡ ಹೊಳೆಯ ಪಾಲಾದ ಮೇಲೆ ಅವಳನ್ನು ಹಿಡಿದು ನಿಲ್ಲಿಸಿದ್ದೂ ಆ ಕೆಲಸವೇ. ಊರ ಯಜಮಾನ ಇನ್ನಾಸಪ್ಪ ಅದನ್ನೂ ಕಿತ್ತುಕೊಂಡ. ಗಂಡ ಸತ್ತವಳ ಕೈ ಮಾತೆಯ ತಲೆಗೆ ತಾಗಬಾರದಂತೆ. ಕ್ರಿಸ್ಮಸ್ಸಿಗೆ ಅವಳು ಕಟ್ಟಿ ತಂದ ಕಿರೀಟವನ್ನು ಬಾಗಿಲಲ್ಲೇ ತಡೆದು ದನಕ್ಕೆ ಹಾಕಿಸಿದ. ಶುಭಸಂದೇಶವನ್ನು ಬಾಯಿಪಾಠ ಒಪ್ಪಿಸುವ ಜನ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅಂಥ ಭಕ್ತಿಗೆ ಬೆಂಕಿ ಬೀಳಲಿ ಎಂದುಕೊಂಡು ಲೂರ್ದಮ್ಮ ದೇವಾಲಯದ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದಳು.

ನಡೆದದ್ದನ್ನೆಲ್ಲ ಸ್ವಾಮಿಗಳ ಮುಂದೆ ಕಕ್ಕಿದಳು. ಕೊನೆಗೆ ಹೇಳಿದಳು: "ನನ್ ಹಣೆಗೆ ಬೂದಿ ಬಳಿಯಕ್ಕೆ ಈ ಊರಲ್ಲಿ ಯಾರ ತಕರಾರೂ ಇಲ್ಲ ಸ್ವಾಮಿ. ಹೂ ಮುಟ್ಟುದ್ರೆ ಮಾತ್ರ ಅಪಶಕುನ."

ದುಃಖಿಸುವವರಿಗೆ ದೇವರು ಬೂದಿಗೆ ಬದಲಾಗಿ ಕಿರೀಟವನ್ನು ಕೊಡುವರೆಂದು ಯೆಶಾಯ ಪ್ರವಾದಿ ನುಡಿದುದನ್ನು ಸ್ವಾಮಿಗಳು ನೆನಪಿಸಿದರು. ಅವಳಿಗೆ ಇನ್ನೂ ರೇಗಿತು.

"ನಾನೂ ಕೇಳಿದೀನಿ. ಅದು ಬರೀ ಓದಕ್ಕಾ?"

ಸ್ವಾಮಿಗಳು ಜರಡಿಯನ್ನು ಕೆಳಗಿಟ್ಟರು. ಪೂಜೆಗೆ ಬಾ ಎಂದಷ್ಟೇ ಹೇಳಿದರು.

ಪೂಜೆಯಲ್ಲಿ ಎಂದಿನಂತೆ ಇನ್ನಾಸಪ್ಪನೇ ಎಲ್ಲರಿಗಿಂತ ಮೊದಲು ಬಂದು ಹಣೆಯೊಡ್ಡಿದ. ಸ್ವಾಮಿಗಳು ಬೂದಿಯ ಬಟ್ಟಲಿನಿಂದ ಕೈಯೆತ್ತಲಿಲ್ಲ.

"ಇನ್ನಾಸಪ್ಪ, ಶಿಲುಬೆಯ ಬುಡದಲ್ಲಿ ನಿಂತಿದ್ದಾಗ ಮಾತೆಗೆ ಗಂಡ ಇದ್ದರೇ?"

ಇಲ್ಲವೆಂದು ಅವನು ತಲೆಯಾಡಿಸಿದ.

"ಹಾಗಾದರೆ ಗಂಡನಿಲ್ಲದ ಆ ಮಾತೆಯ ತಲೆಗೆ ನಿಮ್ಮಪ್ಪ ಮಾಡಿಸಿಟ್ಟ ಬೆಳ್ಳಿ ಕಿರೀಟವನ್ನು ನೀನೇ ಇಳಿಸಿ ಬಾ. ಆಮೇಲೆ ಬೂದಿ ಇಡುತ್ತೇನೆ."

ಇನ್ನಾಸಪ್ಪ ಸ್ವರೂಪದ ಬಳಿ ಹೋಗಿ ಕೈಯೆತ್ತಿದ. ಎತ್ತಿದ ಕೈ ಮುಂದೆ ಹೋಗಲಿಲ್ಲ. ತಿರುಗಿದರೆ ಹೆಂಗಸರ ಸಾಲಿನಲ್ಲಿ ಅವನ ಹೆತ್ತ ತಾಯಿಯೇ ಅವನನ್ನು ದಿಟ್ಟಿಸುತ್ತಿದ್ದಳು. ಅಪ್ಪ ತೀರಿಕೊಂಡಂದಿನಿಂದ ಆಕೆಯ ಮುಡಿಗೂ ಹೂವಿರಲಿಲ್ಲ. ಅದು ಅವನ ಕಣ್ಣಿಗೆ ಬಿದ್ದದ್ದು ಅಂದೇ.

ಅವನು ಸೀದಾ ಸಾಲಿನ ಕೊನೆಯಲ್ಲಿ ನಿಂತಿದ್ದ ಲೂರ್ದಮ್ಮನ ಬಳಿ ಬಂದು, ತಪ್ಪಾಯಿತೆಂದು ಕೈಮುಗಿದು, ಪುನರುತ್ಥಾನದ ಪಾಸ್ಕ ಹಬ್ಬಕ್ಕೆ ಕಿರೀಟ ಕಟ್ಟಿಕೊಡಬೇಕೆಂದು ಕೇಳಿಕೊಂಡ.

"ಕಟ್ತೀನಿ. ಹೂವ ನೀವೇ ಹೊತ್ಕೊಂಡ್ ಬರ್ಬೇಕು, ಯಜಮಾನ್ರೇ."

ಪಾಸ್ಕದ ಬೆಳಗ್ಗೆ ಊರೆಲ್ಲ ನೋಡುತ್ತಿರಲು ಯಜಮಾನ ಮಲ್ಲಿಗೆಯ ಬುಟ್ಟಿ ಹೊತ್ತು ಅವಳ ಮನೆ ಬಾಗಿಲಿಗೆ ಹೋದ. ಲೂರ್ದಮ್ಮ ಕಿರೀಟ ಕಟ್ಟಿ ತಂದು ಮಾತೆಗೆ ತೊಡಿಸಿ ಇಳಿಯುವಷ್ಟರಲ್ಲಿ ಯಾರೋ ಸೆರಗು ಜಗ್ಗಿದರು. ಇನ್ನಾಸಪ್ಪನ ತಾಯಿ.

"ಹೂವ ಮಿಕ್ಕಿದ್ರೆ ನಂಗೂ ಒಂದ್ ತುಂಡು ಕೊಡವ್ವ."

ಲೂರ್ದಮ್ಮನ ಎದೆಯಲ್ಲಿ ಇಷ್ಟು ದಿನ ಕುದಿಯುತ್ತಿದ್ದ ಸಿಟ್ಟು ಅಳುವಾಗಿ ಹೊರಬಂತು. ಮಿಕ್ಕ ಮಾಲೆಯನ್ನು ಎರಡು ತುಂಡು ಮಾಡಿ, ಒಂದನ್ನು ಮುದುಕಿಯ ನರೆಗೂದಲಿಗೆ ಮುಡಿಸಿ, ಇನ್ನೊಂದನ್ನು ಎಲ್ಲರೆದುರು ತಾನು ಮುಡಿದಳು.

ಪ್ರಸಂಗಕ್ಕೆಂದು ಯೆಶಾಯನ ಆ ವಾಕ್ಯವನ್ನು ತೆಗೆದಿಟ್ಟುಕೊಂಡಿದ್ದ ಸ್ವಾಮಿಗಳು ಗ್ರಂಥವನ್ನು ಮೆಲ್ಲನೆ ಮುಚ್ಚಿದರು.