ಪಿಂಗಾಣಿ ಚೂರಿನ ವಂಶಾವಳಿ

ತಿಪ್ಪೆಯ ಮೇಲೆ ಎರಡು ಚೂರುಗಳಿದ್ದವು. ಒಂದು ಪಿಂಗಾಣಿ ಬಟ್ಟಲಿನದು, ಇನ್ನೊಂದು ಮಡಕೆಯದು. ಎರಡೂ ಒಡೆದದ್ದು ಅದೇ ಬೆಳಿಗ್ಗೆ, ಅಂದರೆ ಇಬ್ಬರಲ್ಲಿ ಯಾರೂ ಹಿರಿಯರಲ್ಲ. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಬೇಕಿತ್ತು. ಕೆಂಡ ಒಯ್ಯಲು ಒಂದು ಚೂರು ಬೇಕೆಂದು ಮನೆಯ ನಾಗವೇಣಮ್ಮ ಬರುವವಳಿದ್ದಳು. ಆಯ್ಕೆಯಾಗದ್ದು ಕಸದ ಗುಂಡಿಗೆ ಹೋಗುವುದು ಖಚಿತ.

"ನನ್ನನ್ನೇ ಒಯ್ಯುತ್ತಾಳೆ," ಎಂದಿತು ಪಿಂಗಾಣಿ. "ಇಂಗ್ಲಿಷಿನಲ್ಲಿ ನನಗೆ ಶಾರ್ಡ್ ಎನ್ನುತ್ತಾರೆ. ನಿನಗೆ ಬೋಕಿ ತಾನೆ?"

"ಹೌದು ಸ್ವಾಮಿ, ಬೋಕಿ."

ಪಕ್ಕದಲ್ಲಿದ್ದ ನಿಘಂಟಿನ ಹರಿದ ಹಾಳೆ ಗಂಟಲು ಸರಿಮಾಡಿಕೊಂಡಿತು. "ಶಾರ್ಡ್: ಒಡೆದ ಮಡಕೆಯ ಚೂರು. ಸಗಣಿಹುಳುವಿನ ಗಟ್ಟಿ ರೆಕ್ಕೆಗೂ ಇದೇ ಹೆಸರು. ಮೂಲ, ಕತ್ತರಿಸು ಎಂಬ ಹಳೆಯ ಧಾತು."

"ಮಡಕೆ, ಹುಳು ಎರಡನ್ನೂ ಬಿಡು. ಕತ್ತರಿಸುವುದು ಎಂದೆಯಲ್ಲ, ಅದೇ ನನ್ನ ಕುಲ!"

ನಾಗವೇಣಮ್ಮ ಬಂದಳು. ಹೊಳೆಯುತ್ತಿದ್ದ ಪಿಂಗಾಣಿಯನ್ನೇ ಮೊದಲು ಎತ್ತಿದಳು. ಅದು ಕುಲಧರ್ಮದಂತೆ ಅವಳ ಬೆರಳು ಕತ್ತರಿಸಿತು.

"ಹಾಳಾದ್ದು! ಯಾರ ಕಾಲಿಗಾದರೂ ಚುಚ್ಚೀತು," ಎಂದು ಅವಳು ಅದನ್ನು ಆ ಹಾಳೆಯಲ್ಲೇ ಬಿಗಿಯಾಗಿ ಸುತ್ತಿ ಗುಂಡಿಗೆ ಎಸೆದಳು. ಬೋಕಿ ಕೆಂಡ ಹೊತ್ತು ಮಗುವಿನ ಬಳಿಗೆ ಹೋಯಿತು.

ಗುಂಡಿಯೊಳಗಿಂದ ಪಿಂಗಾಣಿ ಹಾಳೆಗೆ ಹೇಳಿತು: "ನೋಡಿದೆಯಾ? ಅದನ್ನು ಬರಿಗೈಯಲ್ಲೇ ಎತ್ತಿಕೊಂಡಳು. ಹೊದಿಕೆ ಕೊಟ್ಟದ್ದು ನನಗೆ ಮಾತ್ರ."