ಗುರುವಾರದ ಗುಡ್ಡ

ಘಟ್ಟದ ಬುಡದಲ್ಲಿ, ಬಸ್ಸು ಏದುಸಿರು ಬಿಡುತ್ತ ನಿಲ್ಲುವಲ್ಲಿ, ಗುರುವಾರದ ಗುಡ್ಡವಿದೆ. ಹೆಸರು ಕೇಳಿ ರಾಯರ ಮಠವೆಂದುಕೊಂಡು ಇಳಿದವರುಂಟು, ವಾರದ ಸಂತೆಯೆಂದು ಚೀಲ ಹಿಡಿದು ಬಂದವರೂ ಉಂಟು. ಹತ್ತಿದರೆ ಕಾಣುವುದು ಹೆಂಚಿನ ಮಾಡಿನ ಮೇಲೆ ಶಿಲುಬೆ ಹೊತ್ತ ಒಂದು ಪುಟ್ಟ ಇಗರ್ಜಿ, ಅದರ ಮುಂದೆ ಸಪಾಟಾದ ಕಪ್ಪು ಬಂಡೆ. ಈ ಹೆಸರಿಗೆ ಕಾರಣ ಒಬ್ಬನ ಗಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ, ಕರಾವಳಿಯ ಇಗರ್ಜಿಗಳನ್ನು ಕೆಡವಿ ಕ್ರೈಸ್ತರನ್ನು ಹಿಂಡುಹಿಂಡಾಗಿ ಘಟ್ಟದಾಚೆಗೆ ಸಾಗಿಸುತ್ತಿದ್ದ ಕಾಲವಿತ್ತು. ಯಾವ ಅರಸನ ಆಳ್ವಿಕೆ ಎಂದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಓಡುತ್ತಿದ್ದವರಿಗೆ ಹೆಸರು ವಿಚಾರಿಸಲು ಪುರುಸೊತ್ತಿರಲಿಲ್ಲ. ಕರ್ಮಿಣಬಾಯಿಯ ಗಂಡ ಸಾಲ್ವದೊರನನ್ನು ಗದ್ದೆಯಿಂದಲೇ ಹಿಡಿದೊಯ್ದರು. ಅವಳು ಮಗ ಕಾಯ್ತಾನನನ್ನೂ ನೆರೆಯ ನಾಲ್ಕು ಮನೆಯವರನ್ನೂ ಕಟ್ಟಿಕೊಂಡು ಈ ಗುಡ್ಡದ ಕಾಡು ಸೇರಿದಳು. ಅಲ್ಲಿ ಪಾದ್ರಿಯಿಲ್ಲ, ಗಂಟೆಯಿಲ್ಲ. ದಿನವೂ ಮುಸ್ಸಂಜೆ ಜಪಮಾಲೆ ಮುಗಿದ ಮೇಲೆ ಅವಳು ನಾರಿನ ಹಗ್ಗಕ್ಕೆ ಒಂದು ಗಂಟು ಹಾಕುವಳು; ಏಳನೆಯದು ದೊಡ್ಡ ಗಂಟು, ಭಾನುವಾರ. ಅಂದು ಯಾರೂ ಕೆಲಸಕ್ಕೆ ಕತ್ತಿ ಮುಟ್ಟುವಂತಿಲ್ಲ. ಬಂಡೆಯ ಮೇಲೆ ಬಿಳಿ ಬಟ್ಟೆ ಹಾಸಿ, ಬಾಯಿಪಾಠವಿದ್ದಷ್ಟು ಪ್ರಾರ್ಥನೆ ಹೇಳಿ, ಕಡೆಗೆ ಅವಳು ಸಾಲ್ವದೊರನನ್ನು ದೇವರ ಕೈಗೊಪ್ಪಿಸುವಳು: ಬದುಕಿದ್ದರೆ ಕಾಯಿ, ಸತ್ತಿದ್ದರೆ ಸೇರಿಸಿಕೋ ಎಂದು. ಭಾನುವಾರ ಕೇಳಿದ್ದು ದೇವರಿಗೆ ಮುಟ್ಟಿಯೇ ಮುಟ್ಟುತ್ತದೆ ಎಂಬುದೊಂದೇ ಅವಳಿಗಿದ್ದ ಆಸರೆ.

ಮೊದಲ ಮಳೆಗಾಲದಲ್ಲೇ ಚಳಿಜ್ವರ ಬಂತು. ಒಂದು ಭಾನುವಾರ ದೊಡ್ಡ ಗಂಟು ಹಾಕಿ ಮಲಗಿದ ಕರ್ಮಿಣಬಾಯಿಗೆ ಎಚ್ಚರವಾದಾಗ ಎಷ್ಟು ದಿನ ಕಳೆದಿತ್ತೆಂದು ಹೇಳಲು ನೆಟ್ಟಗಿದ್ದವರು ಯಾರೂ ಇರಲಿಲ್ಲ. ಅವಳು ಆ ಭಾನುವಾರ ಪ್ರಾರ್ಥನೆಗೆಂದು ಕ್ಷೌರ ಮಾಡಿಕೊಂಡಿದ್ದ ಮಗನ ಗಲ್ಲ ಸವರಿ ನೋಡಿದಳು. ಆರು ದಿನದ ಗಡ್ಡ. ಹಾಗಾದರೆ ನಾಳೆ ಭಾನುವಾರ. ಆರು ಗಂಟು ಹಾಕಿ ಹಗ್ಗವನ್ನು ಸರಿಮಾಡಿದಳು. ನಿಜಕ್ಕೆ ಕಳೆದದ್ದು ಹತ್ತು ದಿನ. ಕಾಯ್ತಾನನಿಗೆ ಗಡ್ಡ ಬೆಳೆಯುತ್ತಿದ್ದುದೇ ಅಷ್ಟು ನಿಧಾನ, ಪಾಪ.

ಮೂರನೆಯ ವರ್ಷ ಉಪ್ಪು ತರಲು ಸಂತೆಗಿಳಿದ ಕಾಯ್ತಾನನಿಗೆ ನಿಜ ತಿಳಿಯಿತು. ತಾವು ಭಾನುವಾರವೆಂದು ಕೂರುತ್ತಿರುವುದು ಗುರುವಾರ. ಹೇಳಿಬಿಡಬೇಕೆಂದುಕೊಂಡೇ ಅವನು ಗುಡ್ಡ ಹತ್ತಿದ. ಮೇಲೆ ನೋಡಿದರೆ, ಇನ್ನು ಸಾಕು, ಕೆಳಗಿಳಿದು ಏನಾದರಾಗಲಿ ಎಂದು ಗಂಟುಮೂಟೆ ಕಟ್ಟಿದ್ದ ಎರಡು ಮನೆಯವರನ್ನು ಅವ್ವ ತಡೆಯುತ್ತಿದ್ದಳು. ಬರುವ ಭಾನುವಾರದವರೆಗೆ ಇರಿ, ಆಮೇಲೆ ನಿಮ್ಮಿಷ್ಟ ಎನ್ನುತ್ತಿದ್ದಳು. ಪ್ರತಿ ಸಲವೂ ಅದೇ ಮಾತು. ಪ್ರತಿ ಸಲವೂ ಅವರು ಉಳಿಯುತ್ತಿದ್ದರು. ಕಾಯ್ತಾನ ಉಪ್ಪಿನ ಮೂಟೆ ಇಳಿಸಿ ಸುಮ್ಮನಾದ.

ಹನ್ನೆರಡನೆಯ ವರ್ಷ, ಕಷ್ಟಕಾಲ ಕಳೆಯಿತೆಂಬ ಸುದ್ದಿ ಹೊತ್ತು ಒಬ್ಬ ಮುದಿ ಪಾದ್ರಿ ಕೋಲೂರಿಕೊಂಡು ಗುಡ್ಡ ಹತ್ತಿದರು. ಮರುದಿನ ಕರ್ಮಿಣಬಾಯಿ ಬಿಳಿ ಬಟ್ಟೆ ಹಾಸಿ, ಭಾನುವಾರದ ಪೂಜೆ ಆಗಲಿ ಎಂದು ಕೈಮುಗಿದಳು.

"ಇವತ್ತು ಗುರುವಾರವಲ್ಲವೇ, ಬಾಯಿ?" ಎಂದರು ಪಾದ್ರಿ.

ಅವಳು ಹಗ್ಗ ತೋರಿಸಿದಳು. ಅವರು ತಲೆಯಲ್ಲಾಡಿಸಿದರು. ಅವಳು ಬಂಡೆಯ ಅಂಚಿನಲ್ಲಿ ಕುಳಿತಳು.

"ಹಾಗಾದರೆ ನಾನು ನಮ್ಮ ಯಜಮಾನರಿಗಾಗಿ ಕೇಳಿದ್ದೆಲ್ಲ ಎಲ್ಲಿ ಹೋಯಿತು, ಪಾದ್ರಿಗಳೇ?"

ಪಾದ್ರಿ ಕೋಲನ್ನು ಕೆಳಗಿಟ್ಟರು. ಆಮೇಲೆ ಅವಳ ಪಕ್ಕದಲ್ಲೇ ಕುಳಿತರು. "ನಾನು ಒಬ್ಬ ಸಾಹುಕಾರನ ಅಕ್ಕಿಕೋಣೆಯಲ್ಲಿ ಅಡಗಿದ್ದೆ. ಯಾವತ್ತು ಭಾನುವಾರ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೆದರಿಕೆಗೆ ಒಂದನ್ನೂ ಆಚರಿಸಲಿಲ್ಲ. ನೀವು ಒಂದು ವಾರವನ್ನೂ ಬಿಟ್ಟಿಲ್ಲ. ನಮ್ಮಿಬ್ಬರಲ್ಲಿ ದೇವರು ಯಾರ ಮಾತು ಕೇಳಿರಬೇಕು, ನೀವೇ ಹೇಳಿ."

ಆ ಗುರುವಾರವೇ ಅವರು ಬಂಡೆಯ ಮೇಲೆ ಪೂಜೆ ಅರ್ಪಿಸಿ, ಸಾಲ್ವದೊರನ ಹೆಸರನ್ನು ಗಟ್ಟಿಯಾಗಿ ಹೇಳಿದರು. ಆಮೇಲೆ ಕಾಯ್ತಾನ ತಲೆ ತಗ್ಗಿಸಿ, ತನಗೆ ಗೊತ್ತಿತ್ತೆಂದು ಒಪ್ಪಿಕೊಂಡ. ಕರ್ಮಿಣಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗೊತ್ತಿದ್ದೂ ಒಂಬತ್ತು ವರ್ಷ ಭಾನುವಾರ ಮರ ಕಡಿದೆಯಲ್ಲೋ, ದರಿದ್ರದವನೇ."

ಅಳುತ್ತಿದ್ದ ಜನ ನಕ್ಕರು ಎನ್ನುತ್ತಾರೆ.

ಸಾಲ್ವದೊರ ಮರಳಲಿಲ್ಲ, ಅವನ ಸುದ್ದಿಯೂ ಬರಲಿಲ್ಲ. ಆದರೆ ಹತ್ತೊಂಬತ್ತು ಮಂದಿ ಹತ್ತಿದ ಗುಡ್ಡದಿಂದ, ಜ್ವರ ನಾಲ್ವರನ್ನು ಒಯ್ದ ಮೇಲೂ, ಮಕ್ಕಳುಮರಿ ಸೇರಿ ಇಪ್ಪತ್ತಾರು ಮಂದಿ ಇಳಿದರು. ಮುಂದೆ ಬಂಡೆಯ ಪಕ್ಕ ಇಗರ್ಜಿ ಎದ್ದಾಗ, ಭಾನುವಾರ ಎಲ್ಲರಂತೆ ನಡೆಯಲಿ, ಗುರುವಾರವೂ ಇರಲಿ ಎಂದು ಕರ್ಮಿಣಬಾಯಿ ಹಟ ಹಿಡಿದಳು. ಕೇಳುವುದನ್ನೆಲ್ಲ ಹನ್ನೆರಡು ವರ್ಷ ಕೇಳಿಯಾಗಿದೆ, ಇನ್ನು ಗುರುವಾರ ಬರೀ ಉಪಕಾರ ಹೇಳುವುದು ಎಂದಳಂತೆ.

ಆ ಕಟ್ಟಳೆ ಇನ್ನೂ ಇದೆ. ಗುರುವಾರ ಇಲ್ಲಿ ಯಾರೂ ದೇವರಲ್ಲಿ ಏನನ್ನೂ ಬೇಡುವಂತಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದವರು, ಹಡೆದ ಹೆಂಗಸರು, ಯಾವುದೋ ಗಂಡಾಂತರದಿಂದ ಪಾರಾದ ಲಾರಿ ಡ್ರೈವರುಗಳು, ಯಾವ ಜಾತಿಯವರಾದರೂ ಸರಿ, ಬಂಡೆಯ ಬಳಿ ಒಂದು ಗಳಿಗೆ ನಿಂತು, ಉಪಕಾರವಾಯಿತು ಎಂದು ಹೇಳಿ ಇಳಿಯುತ್ತಾರೆ. ಬೇಡುವುದಿದ್ದವರಿಗೆ ವಾರದಲ್ಲಿ ಇನ್ನೂ ಆರು ದಿನ ಇದೆ.